ಮೂರು ಸಲ ಇತ್ಯರ್ಥವಾದ ದೂರು

ಗ್ರಾಹಕರ ದೂರು ವಿಭಾಗಕ್ಕೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: "ಮೇಡಂ, ಇಲ್ಲಿಂದ ಟ್ರಾನ್ಸ್‌ಫರ್ ಯಾವಾಗ ಸಿಗುತ್ತೆ?" ಬ್ಯಾಂಕಿನಲ್ಲಿ ಸಾಲ ಕೊಡುವ ವಿಭಾಗಕ್ಕೆ ಮರ್ಯಾದೆ ಇದೆ, ವಿದೇಶಿ ವಿನಿಮಯಕ್ಕೆ ಹೊಳಪಿದೆ, ದೂರು ವಿಭಾಗಕ್ಕೆ ಇರುವುದು ಬೈಗುಳ ಮಾತ್ರ ಎಂದು ಎಲ್ಲರ ತಿಳುವಳಿಕೆ. ನನ್ನನ್ನು ಅಲ್ಲಿಗೆ ಹಾಕಿದ ದಿನ ಜೊತೆಯವರು ಕಾಫಿ ಕೊಡಿಸಿ ಸಮಾಧಾನ ಮಾಡಿದ್ದರು. ನಿವೃತ್ತಿಯಾಗುವವರೆಗೂ ನಾನು ಅಲ್ಲೇ ಇದ್ದೆ. ನಡುವೆ ಬೇರೆ ಕಡೆಗೆ ಕರೆದಾಗಲೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಈಗ ಆ ಕೆಲಸಕ್ಕೆ ಸೇರುತ್ತಿರುವವರಿಗೆ ಹೇಳಬೇಕೆನಿಸಿದೆ.

ಹೇಳುವ ಮುಂಚೆ ಒಂದು ಎಚ್ಚರಿಕೆ. ನಾನು ಓದಿದ್ದು ಇತಿಹಾಸ. ಎಂ.ಎ. ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಏನೆಂದರೆ, ಘಟನೆ ನಡೆದು ಬಹಳ ಕಾಲದ ಮೇಲೆ, ತಾನೇ ಅದರ ಮಧ್ಯದಲ್ಲಿ ನಿಂತಿದ್ದೆ ಎಂಬಂತೆ ಬರೆಯುವವರನ್ನು ಸುಲಭವಾಗಿ ನಂಬಬಾರದು ಎಂದು. ನಾನೀಗ ಮಾಡಹೊರಟಿರುವುದು ಸರಿಯಾಗಿ ಅದನ್ನೇ. ದಿನಚರಿ ಬರೆಯುವ ಅಭ್ಯಾಸವೇನೋ ಇತ್ತು. ಆದರೆ ಮುಖ್ಯವಾದದ್ದು ನಡೆದ ದಿನಗಳಲ್ಲೇ ನನ್ನ ದಿನಚರಿ ಅತ್ಯಂತ ಚಿಕ್ಕದಾಗಿದೆ. ಸುಸ್ತಾಗಿರುತ್ತಿದ್ದೆನೇನೋ. ಹೆಮ್ಮೆಯ ಕಡೆಗೆ ನೆನಪು ಸ್ವಲ್ಪ ವಾಲುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ.

ನನ್ನ ಮೊದಲ ಮೇಲಧಿಕಾರಿ ಕೆಟ್ಟವರಲ್ಲ, ಆದರೆ ಅವರಿಗೊಂದು ಸಿದ್ಧಾಂತವಿತ್ತು. "ದೂರಿಗೆ ತಕ್ಷಣ ಉತ್ತರ ಬರೀಬೇಡಿ. ಅರ್ಧ ಜನ ಮರ್ತುಹೋಗ್ತಾರೆ, ಇನ್ನರ್ಧ ಜನಕ್ಕೆ ಬರಿಯೋಣ." ಆಗ ದೂರುಗಳು ಇನ್‌ಲ್ಯಾಂಡ್ ಪತ್ರಗಳಲ್ಲಿ ಬರುತ್ತಿದ್ದವು. ಅಂಚಿನ ತನಕ ಬರೆದು, ಜಾಗ ಸಾಲದೆ ಮಡಿಕೆಯ ಮೇಲೆಲ್ಲ ಅಡ್ಡಡ್ಡ ಬರೆದಿರುತ್ತಿದ್ದರು. ನಮ್ಮ ಕೆಲಸವೆಂದರೆ ಆ ಇಡೀ ಪತ್ರವನ್ನು ಇಂಗ್ಲಿಷಿನಲ್ಲಿ ಎರಡು ಮೂರು ಸಾಲಿಗೆ ಇಳಿಸುವುದು. ಮೇಲಿನವರು ಓದುತ್ತಿದ್ದದ್ದು ಆ ಸಾಲುಗಳನ್ನು ಮಾತ್ರ. ತ್ಯಾಗರಾಜನಗರದ ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಉತ್ತರಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ ವಾಪಸು ಕಳಿಸುತ್ತಿದ್ದರು. "ಕೇಳಿದ ಪ್ರಶ್ನೆಗೆ ಉತ್ತರವಿಲ್ಲ" ಎಂಬುದು ಅವರ ಖಾಯಂ ಷರಾ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅವರ ಅಂಕಕ್ಕಾಗಿಯೇ ಕಾಯತೊಡಗಿದೆ. ಒಮ್ಮೆ ಏಳು ಬಂತು. ಆ ಸಂಜೆ ಮನೆಗೆ ಮೈಸೂರು ಪಾಕ್ ತೆಗೆದುಕೊಂಡು ಹೋಗಿ, "ಏನು ಪ್ರಮೋಷನ್ನಾ?" ಎಂದು ಕೇಳಿದ ಮನೆಯವರಿಗೆ, "ಅಲ್ಲ, ಪಾಸಾದೆ" ಎಂದಿದ್ದೆ.

ಆಮೇಲೆ ಕಂಪ್ಯೂಟರು ಬಂತು, ಪೋರ್ಟಲ್ ಬಂತು. ಪ್ರತಿ ದೂರಿನ ಪಕ್ಕದಲ್ಲೂ ಒಂದು ಬಣ್ಣ. ಗಡುವು ಹತ್ತಿರವಾದರೆ ಕೆಂಪು, ಉತ್ತರ ಕಳಿಸಿದರೆ ಹಸಿರು. ಸಂಜೆಯ ಹೊತ್ತಿಗೆ ಪರದೆಯೆಲ್ಲ ಹಸಿರಾಗಿರಬೇಕು ಎಂಬುದೇ ಗುರಿಯಾಯಿತು. ಉತ್ತರ ಬೇಗ ಹೋಗತೊಡಗಿತು, ಅದು ನಿಜವಾದ ಸುಧಾರಣೆ, ಅಲ್ಲಗಳೆಯುವುದಿಲ್ಲ. ಆದರೆ ಹಸಿರು ಬಣ್ಣಕ್ಕೆ ನಮ್ಮ ಉತ್ತರ ಹೋಗಿದೆ ಎಂಬುದಷ್ಟೇ ಗೊತ್ತಿತ್ತು. ಕೇಳಿದವರಿಗೆ ಕೇಳಿದ್ದು ಸಿಕ್ಕಿತೋ ಇಲ್ಲವೋ ಅದಕ್ಕೆ ಗೊತ್ತಿರಲಿಲ್ಲ.

ಆ ಹಸಿರಿನ ಕಾಲದಲ್ಲಿ ಸರ್ವಮಂಗಳಮ್ಮ ಬಂದರು.

ಹನುಮಂತನಗರದಲ್ಲಿ ಅವರ ಯಜಮಾನರದ್ದು ಬಟ್ಟೆ ಅಂಗಡಿ ಇತ್ತು. ತುಮಕೂರು ಕಡೆಯಿಂದ ಬಂದು ನೆಲೆ ನಿಂತ ಶಿವಭಕ್ತರ ಮನೆತನ. ಯಜಮಾನರು ತೀರಿಕೊಂಡಾಗ ಪದ್ಧತಿಯಂತೆ ಅವರ ಇಷ್ಟಲಿಂಗವನ್ನು ಅವರ ಜೊತೆಗೇ ಮಣ್ಣಿಗೆ ಕೊಟ್ಟರು. ಅದನ್ನು ಒಳಗಿಟ್ಟು ಅವರು ಜೀವನವಿಡೀ ಎದೆಯ ಮೇಲೆ ಧರಿಸಿದ್ದ ಬೆಳ್ಳಿಯ ಕರಡಿಗೆಯನ್ನು ಮಾತ್ರ ಸರ್ವಮಂಗಳಮ್ಮ ತೆಗೆದು ಬ್ಯಾಂಕಿನ ಲಾಕರಿನಲ್ಲಿ ಇಟ್ಟರು. ಮೊಮ್ಮಗಳ ಲಿಂಗದೀಕ್ಷೆಗೆ ಅದನ್ನೇ ಕೊಡಬೇಕೆಂದು ಯಜಮಾನರು ಹೇಳಿ ಹೋಗಿದ್ದರಂತೆ.

ಅಷ್ಟರಲ್ಲಿ ನಮ್ಮ ಬ್ಯಾಂಕು ಜಯನಗರದ ಶಾಖೆಯೊಂದನ್ನು ಮುಚ್ಚಿ ಬನಶಂಕರಿಯ ಶಾಖೆಗೆ ಸೇರಿಸಿತು. ಲಾಕರ್ ಇದ್ದವರಿಗೆಲ್ಲ ನೋಟಿಸು ಹೋಯಿತು. ಸರ್ವಮಂಗಳಮ್ಮ ಮನೆ ಬದಲಿಸಿದ್ದರು, ಅವರದ್ದು ತಲುಪಲಿಲ್ಲ. ನಿಯಮದಂತೆ ಸಾಕ್ಷಿಗಳ ಎದುರು ಲಾಕರ್ ಒಡೆದು, ಇದ್ದದ್ದನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿದರು. ವಿಷಯ ತಿಳಿದು ಇವರು ಓಡಿಬಂದಾಗ ಲಕೋಟೆಯಲ್ಲಿ ಬಳೆ ಇತ್ತು, ಮನೆಪತ್ರ ಇತ್ತು, ಕರಡಿಗೆ ಇರಲಿಲ್ಲ. ಲಾಕರಿನಲ್ಲಿ ಬೆಳ್ಳಿಯ ವಸ್ತುವೊಂದು ಇತ್ತು ಎಂದು ಸಾಕ್ಷಿಗಳ ಪಟ್ಟಿಯಲ್ಲೇ ಇತ್ತು, ನಾವೂ ಒಪ್ಪಿದ್ದೆವು. ಲಕೋಟೆಯಲ್ಲಿ ಹಿಡಿಸದ್ದರಿಂದ ಬೇರೆ ಇಟ್ಟಿದೆ ಎಂದೂ ಅದರಲ್ಲಿ ಬರೆದಿತ್ತು. ಎಲ್ಲಿ ಇಟ್ಟಿದ್ದರು ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅವರು ದೂರು ಕೊಟ್ಟರು. ನಾವು ಶಾಖೆಗೆ ಬರೆದೆವು, ಶಾಖೆ "ಇಲ್ಲಿ ದೊರೆತಿಲ್ಲ" ಎಂದು ಬರೆಯಿತು. ಬೆಲೆ ತಿಳಿಸಿದರೆ ಪರಿಹಾರ ಕೊಡುವುದಾಗಿ ನಾವು ಅವರಿಗೆ ಬರೆದೆವು. ಪರದೆ ಹಸಿರಾಯಿತು. ಅವರು ಮತ್ತೆ ಕೊಟ್ಟರು, ಮತ್ತೆ ಹಸಿರಾಯಿತು. ಮೂರನೇ ಸಲಕ್ಕೆ ಖುದ್ದಾಗಿ ವಲಯ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ಕೂತರು. ಬಿಳಿ ಹತ್ತಿ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಬಟ್ಟೆಯ ಚೀಲ.

"ಬೆಲೆ ಬರೀರಿ ಅಂತೀರಲ್ಲ ಮೇಡಂ, ಏನಂತ ಬರೀಲಿ?"

"ಅಂದಾಜು ಬರೆದ್ರೂ ಸಾಕು ಅಮ್ಮ."

"ನಿಮ್ಮ ತಾಳಿಗೆ ಅಂದಾಜು ಎಷ್ಟು?"

ನಾನು ಪೆನ್ನು ಕೆಳಗಿಟ್ಟೆ.

"ನಂಗೆ ದುಡ್ಡು ಬೇಡ. ದೀಕ್ಷೆಗೆ ಮುಹೂರ್ತ ಇಟ್ಟಾಗಿದೆ. ಆ ಮಗು ದಿನಾ ಕೇಳ್ತದೆ, ತಾತಂದು ಬಂತಾ ಅಂತ. ಕಳ್ದುಹೋಗಿದ್ರೆ ಕಳ್ದುಹೋಯ್ತು ಅಂತ ಹೇಳಿ. ಹೊಸದು ಕೊಂಡು ಧಾರಣೆ ಮಾಡಿಸ್ತೀನಿ, ಯಜಮಾನರ ಹತ್ರ ತಪ್ಪಾಯ್ತು ಅಂತೀನಿ. ಆದ್ರೆ ಹುಡುಕದೇನೇ ಇಲ್ಲ ಅನ್ಬೇಡಿ."

ಅವರ ದೂರಿಗೆ ಮೂರನೇ ಉತ್ತರವೂ ಆ ವಾರವೇ ಹೋಯಿತು. ಅದೇ ಒಕ್ಕಣೆ, ಅದೇ ಹಸಿರು.

ಆ ತಿಂಗಳೇ ಸಂಸತ್ತಿನ ಸಮಿತಿಯೊಂದು ಬೆಂಗಳೂರಿಗೆ ಬರುತ್ತದೆ ಎಂಬ ಸುದ್ದಿ ಬಂತು. ಬ್ಯಾಂಕುಗಳು ಮತ್ತು ವಿಮೆ ಕಂಪನಿಗಳು ಜನರ ದೂರುಗಳನ್ನು ಹೇಗೆ ನೋಡಿಕೊಳ್ಳುತ್ತಿವೆ ಎಂದು ಸಂಸದರು ಊರೂರಿಗೆ ಬಂದು ವಿಚಾರಿಸುತ್ತಾರೆ. ಮುಂಚೆಯೇ ಪ್ರಶ್ನಾವಳಿ ಬರುತ್ತದೆ, ನಾವು ದಪ್ಪ ಕಡತಗಳಲ್ಲಿ ಉತ್ತರ ಸಿದ್ಧಮಾಡುತ್ತೇವೆ, ಆಮೇಲೆ ಎದುರು ಕೂತು ಮಾತಿನಲ್ಲಿ ಉತ್ತರಿಸಬೇಕು. ಬಂದ ದೂರು ಎಷ್ಟು, ಇತ್ಯರ್ಥವಾದದ್ದು ಎಷ್ಟು, ಉಳಿದದ್ದು ಎಷ್ಟು. ನಮ್ಮ ವಲಯದ ಅಂಕಿಗಳು ಕಣ್ಣಿಗೆ ತಂಪಾಗಿದ್ದವು.

ಇಂಥ ಭೇಟಿಗೆ ಮುಂಚೆ ನಮ್ಮಲ್ಲಿ ನಡೆಯುತ್ತಿದ್ದ ಒಂದು ಆಚರಣೆ ಹೊರಗಿನವರಿಗೆ ಗೊತ್ತಿರಲಾರದು. ಅದಕ್ಕೆ ಅಣಕು ಸಭೆ ಎನ್ನುತ್ತಿದ್ದೆವು. ನಮ್ಮಲ್ಲೇ ಕೆಲವರು ಸಂಸದರ ಪಾತ್ರ ವಹಿಸಿ ಮೇಜಿನ ಒಂದು ಕಡೆ ಕೂರುವುದು, ವಲಯದ ಮುಖ್ಯಸ್ಥರು ಇನ್ನೊಂದು ಕಡೆ ಕೂತು ಉತ್ತರಿಸುವುದು. ಆಗ ಮುಖ್ಯಸ್ಥರಾಗಿದ್ದವರು ನರಹರಿ ಸಾರ್. ತೆಳ್ಳಗೆ, ಎತ್ತರಕ್ಕೆ, ಇಸ್ತ್ರಿ ಮುರಿಯದ ಅಂಗಿ. ಸಿಟ್ಟು ಬೇಗ ಬರುತ್ತಿತ್ತು, ಬೇಗ ಹೋಗುತ್ತಿತ್ತು. ಅವರದ್ದೊಂದು ನಿಯಮ: ಅಣಕು ಸಭೆಯಲ್ಲಿ ಕೂತವರು ಸಿಬ್ಬಂದಿಯಲ್ಲ, ಸಂಸದರೇ. ಏನು ಬೇಕಾದರೂ ಕೇಳಬಹುದು, ಆಮೇಲೆ ಅದನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು.

ನನ್ನ ಧ್ವನಿ ಜೋರು ಎಂಬ ಒಂದೇ ಅರ್ಹತೆಯ ಮೇಲೆ ಪ್ರತಿ ಸಲ ನನ್ನನ್ನು ಸಂಸದೆ ಮಾಡುತ್ತಿದ್ದರು. ನನ್ನ ಸಹೋದ್ಯೋಗಿ, ಗೆಳತಿ ವಸುಧಾ ಅವತ್ತು ತನ್ನ ಚೀಲದಿಂದ ಒಂದು ಶಾಲು ತೆಗೆದು ನನ್ನ ಹೆಗಲಿಗೆ ಹಾಕಿದಳು. "ಎಂಪಿ ಅಂದ್ಮೇಲೆ ಶಾಲು ಬೇಡ್ವೇನೇ ಸುಮಿ?"

ಲೆಕ್ಕಪತ್ರದವರೊಬ್ಬರು ಆ ಕಡೆಯಿಂದ ಕೂಗಿದರು. "ಮಾನ್ಯ ಸದಸ್ಯರ ಕ್ಷೇತ್ರ ಯಾವ್ದು?"

"ಬನಶಂಕರಿ ಎರಡನೇ ಹಂತ."

"ನಮ್ ಬೀದೀಲಿ ನೀರೇ ಬರ್ತಿಲ್ಲ ಮೇಡಂ, ಮೊದ್ಲು ಅದನ್ನ ಕೇಳಿ!"

ನಗು ಮುಗಿದ ಮೇಲೆ ಶುರುವಾಯಿತು. ಮೊದಲ ಕೆಲವು ಪ್ರಶ್ನೆಗಳನ್ನು ನಾನು ಮೆಲ್ಲಗೆ ಕೇಳಿದೆ. ನರಹರಿ ಸಾರ್ ಕಡತ ಮುಚ್ಚಿ, "ಇಷ್ಟು ಮೆತ್ತಗೆ ಕೇಳೋ ಎಂಪಿ ಯಾವ ಪಕ್ಷದೋರು? ಸ್ವಲ್ಪ ಜೋರಾಗಿ ಕೇಳಿ. ಅಲ್ಲಿ ಹೋಗಿ ಬೈಸ್ಕೊಳ್ಳೋ ಬದ್ಲು ಇಲ್ಲೇ ಬೈಸ್ಕೊಳ್ತೀನಿ" ಎಂದರು.

ಸರಿ ಎಂದು ಕೇಳಿದೆ. "ಲಾಕರಿನ ದೂರುಗಳೆಲ್ಲ ಇತ್ಯರ್ಥ ಅಂತ ಬರ್ದಿದೀರಿ. ಸರ್ವಮಂಗಳಮ್ಮ ಅನ್ನೋರ ದೂರು ಏನಾಯ್ತು?"

ಸಾರ್ ಪಕ್ಕದವರನ್ನು ನೋಡಿದರು. ಪಕ್ಕದವರು ಕಡತ ನೋಡಿದರು.

"ಇತ್ಯರ್ಥ ಆಗಿದೆ ಮಾನ್ಯ ಸದಸ್ಯರೇ. ಪರಿಹಾರ ಕೊಡ್ತೀವಿ ಅಂತ ತಿಳಿಸಿದೀವಿ."

"ಅವ್ರು ತಗೊಂಡ್ರಾ?"

"ಇಲ್ಲ."

"ಅವ್ರು ಕೇಳಿದ್ದೇನು?"

"ಕರಡಿಗೆ."

"ನೀವು ಕೊಟ್ಟಿದ್ದು?"

"ಉತ್ತರ" ಎಂದರು ಸಾರ್. ಯಾರೋ ಕಿಸಕ್ಕೆಂದರು. ಸಾರ್ ನಗಲಿಲ್ಲ.

"ಅದನ್ನ ಹುಡುಕೋಕೆ ಅಂತ ಹೋಗಿ ನೋಡಿದೋರು ಯಾರು?"

"ಶಾಖೆಗೆ ಬರ್ದಿದ್ವಿ. ಇಲ್ಲ ಅಂತ ಬರ್ದಿದಾರೆ."

"ಹೋಗಿ ನೋಡಿದೋರು ಯಾರು ಸಾರ್?"

ಸಂಸದೆಯ ಬಾಯಲ್ಲಿ "ಸಾರ್" ಬರಬಾರದಿತ್ತು. ಅದು ಬಂದ ಕೂಡಲೇ ಕೋಣೆಯಲ್ಲಿದ್ದವರಿಗೆಲ್ಲ ಇದು ನಾಟಕವಲ್ಲ ಎಂದು ಗೊತ್ತಾಯಿತು.

ಇಲ್ಲಿ ನಿಂತು ಒಂದು ಮಾತು. ವಸುಧಾ ಈಗ ಜೆ.ಪಿ. ನಗರದಲ್ಲಿದ್ದಾಳೆ. ಬೆಳಗ್ಗೆ ವಾಕಿಂಗಿಗೆ ಸಿಗುತ್ತಾಳೆ. ಇದನ್ನು ಬರೆಯುತ್ತಿದ್ದೇನೆ ಎಂದು ಹೇಳಿದಾಗ ಅವಳು ಒಪ್ಪಲೇ ಇಲ್ಲ.

"ನೀನೆಲ್ಲೇ ಕೇಳ್ದೆ? ನೀನು ಕರಡಿಗೆ ವಿಷ್ಯ ಎತ್ತಿದ್ದೆ, ನಿಜ. ಆದ್ರೆ ಹೋಗಿ ನೋಡಿದೋರು ಯಾರು ಅಂತ ನಮ್ಮನ್ನೆಲ್ಲ ಕೇಳಿದ್ದು ಸಾರೇ."

"ನಂಗೆ ಚೆನ್ನಾಗಿ ಜ್ಞಾಪಕ ಇದೆ ಕಣೇ."

"ಜ್ಞಾಪಕ ನಂಬ್ಬೇಡಿ ಅಂತ ಊರಿಗೆಲ್ಲ ಪಾಠ ಹೇಳ್ತೀಯಲ್ಲ, ಈಗೇನು?"

ದಿನಚರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: "ಅಣಕು ಸಭೆ. ಗಂಟಲು ಕಟ್ಟಿದೆ. ನಾಳೆ ಬನಶಂಕರಿ ಶಾಖೆ." ಗಂಟಲು ಕಟ್ಟಿದ್ದರಿಂದ ಹೆಚ್ಚು ಮಾತಾಡಿದ್ದು ನಾನೇ ಎಂದು ವಾದಿಸಬಹುದು. ಇತಿಹಾಸದವಳಾಗಿ ಅದನ್ನು ಪುರಾವೆ ಎಂದು ಒಪ್ಪಲಾರೆ. ಆದ್ದರಿಂದ ಎರಡೂ ಪಾಠಗಳನ್ನು ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆ ಯಾರದ್ದೇ ಇರಲಿ, ಉತ್ತರ ಯಾರ ಬಳಿಯೂ ಇರಲಿಲ್ಲ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನರಹರಿ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. "ಶಾಲು ತೆಗೀರಿ ಸುಮಿತ್ರಾ ಅವ್ರೇ. ನಾಳೆ ನೀವೇ ಹೋಗಿ. ಆ ಅಮ್ಮನ್ನೂ ಕರ್ಕೊಂಡು ಹೋಗಿ. ಏನು ಹುಡುಕ್ಬೇಕು ಅಂತ ಅವ್ರಿಗೆ ಗೊತ್ತಿರುತ್ತೆ, ನಮಗೆ ಗೊತ್ತಿಲ್ಲ."

ಮರುದಿನ ಶುಕ್ರವಾರ. ಹನುಮಂತನಗರದಿಂದ ಆಟೋದಲ್ಲಿ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಸರ್ವಮಂಗಳಮ್ಮ, "ಇನ್ನೊಂದು ಲೆಟರ್ ಕೊಡೋಕೆ ಕರ್ದಿದೀರಾ?" ಎಂದರು.

"ಇಲ್ಲಮ್ಮ, ಹುಡುಕೋಕೆ."

"ಹಾಗಾದ್ರೆ ಇಷ್ಟು ದಿನ ಹುಡುಕ್ತಾ ಇರ್ಲಿಲ್ವಾ?"

ನಾನು ಆಚೆ ನೋಡಿದೆ. ಆಟೋ ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಹಾರನ್ನುಗಳ ಗಲಾಟೆ ನನಗೆ ಅವತ್ತು ಉಪಕಾರ ಮಾಡಿತು.

ಶಾಖೆಯ ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಒಳ್ಳೆಯ ಮನುಷ್ಯ. ಸ್ಟ್ರಾಂಗ್ ರೂಮಿನ ಬಾಗಿಲು ತೆಗೆಸಿ, ತಾವೇ ತೋಳು ಮಡಚಿಕೊಂಡು ಕಬ್ಬಿಣದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿದರು. ಜಯನಗರದಿಂದ ಬಂದ ಮುದ್ರೆಯ ಲಕೋಟೆಗಳು, ಹಳೆಯ ಬೀಗದ ಕೈಗಳು, ನಾಣ್ಯ ಬೇರ್ಪಡಿಸುವ ತುಕ್ಕು ಹಿಡಿದ ಜರಡಿ ಎಲ್ಲ ಬಂದವು. ಕರಡಿಗೆ ಇರಲಿಲ್ಲ. ಶಾಖೆಯವರು ಸುಳ್ಳು ಬರೆದಿರಲಿಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಇನ್ನು ಹುಡುಕಲು ಯಾವ ಜಾಗವೂ ಉಳಿದಿರಲಿಲ್ಲ.

ಸರ್ವಮಂಗಳಮ್ಮ ಹೊರಗೆ ಬಂದು ಗ್ರಾಹಕರ ಬೆಂಚಿನ ಮೇಲೆ ಕೂತರು. ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಆಯ್ತು ಬಿಡಿ. ನೋಡಿದ್ರಿ. ಇಲ್ಲ. ಇಷ್ಟೇ ನಂಗೆ ಬೇಕಿದ್ದಿದ್ದು" ಎಂದರು. ಅವರ ಮುಖ ನೋಡಿದರೆ ಅಷ್ಟೇ ಬೇಕಿದ್ದದ್ದು ಎಂದು ಯಾರೂ ನಂಬುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಕೌಂಟರಿನ ಹಿಂದೆ ಗಂಟೆ ಬಾರಿಸಿದ ಸದ್ದು ಕೇಳಿತು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು, ಬಹಳಷ್ಟು ಶಾಖೆಗಳಲ್ಲಿ ಒಂದು ಮರದ ಹಲಗೆಯ ಮೇಲೆ ದೇವರ ಪಟಗಳಿರುತ್ತವೆ, ಶುಕ್ರವಾರ ಪೂಜೆ ಇರುತ್ತದೆ. ಲಕ್ಷ್ಮಿ, ಗಣಪತಿ, ಬನಶಂಕರಿ ಅಮ್ಮ. ಸಿಬ್ಬಂದಿಯೆಲ್ಲ ಎದ್ದು ನಿಂತರು. ಕ್ಯಾಷಿಯರ್ ಹುಡುಗಿ ಆರತಿ ಎತ್ತಿ, ತಟ್ಟೆಯನ್ನು ಹಿಡಿದು ನಮ್ಮ ಬಳಿಗೂ ಬಂದಳು.

"ಮಂಗಳಾರತಿ ತಗೊಳ್ಳಿ ಅಜ್ಜಿ."

ಸರ್ವಮಂಗಳಮ್ಮ ಎದ್ದು ಆರತಿ ತೆಗೆದುಕೊಂಡು, ಹಲಗೆಯ ಕಡೆಗೆ ತಿರುಗಿ ಕೈ ಮುಗಿದರು. ಮುಗಿದ ಕೈ ಕೆಳಗೆ ಇಳಿಯಲೇ ಇಲ್ಲ.

"ಮೇಡಂ" ಎಂದರು, ನನ್ನ ಕಡೆ ತಿರುಗದೆ. "ಅಲ್ಲಿ ಮಲ್ಲಿಗೆ ಮುಡಿಸಿದಾರಲ್ಲ, ಗಣಪತಿ ಪಕ್ಕದಲ್ಲಿ. ಅದು ನಮ್ಮದು."

ಗಣಪತಿಯ ಪಕ್ಕದಲ್ಲಿ ಕುಂಕುಮ ಮೆತ್ತಿ ಮೆತ್ತಿ ಕೆಂಪಾದ, ಮೊಟ್ಟೆಯಾಕಾರದ ಒಂದು ವಸ್ತು ಹೂವಿನೊಳಗೆ ಕೂತಿತ್ತು. ಬೆಳ್ಳಿ ಎಂದು ಹೇಳಿದರೆ ಮಾತ್ರ ಬೆಳ್ಳಿ.

ಮ್ಯಾನೇಜರ್ ಗಾಬರಿಯಾದರು. "ಅಮ್ಮ, ಅದು ಬ್ರಾಂಚಿನ ದೇವ್ರು. ಮೊದ್ಲಿಂದ್ಲೂ ಇದೆ."

"ನಿಮ್ಮ ಮೊದ್ಲು ಎಲ್ಲಿಂದ ಶುರು ಆಗುತ್ತಪ್ಪ?"

ಆ ಶಾಖೆಗೆ ಬಂದು ಮ್ಯಾನೇಜರಿಗಿನ್ನೂ ವರ್ಷ ತುಂಬಿರಲಿಲ್ಲ.

ಚಪ್ಪಲಿ ಬಿಟ್ಟು, ಕುರ್ಚಿ ಹಾಕಿ, ಕ್ಯಾಷಿಯರ್ ಹುಡುಗಿಯೇ ಅದನ್ನು ಇಳಿಸಿ ಅವರ ಕೈಗೆ ಕೊಟ್ಟಳು. ಸರ್ವಮಂಗಳಮ್ಮ ಸೆರಗಿನಿಂದ ಒಂದು ಬದಿಯನ್ನು ಒರೆಸಿದರು. ಅಲ್ಲೊಂದು ತಗ್ಗು ಇತ್ತು. "ಅಂಗಡಿ ಷಟರ್ ಎಳೆಯೋವಾಗ ಬಡಿದಿದ್ದು. ಅವತ್ತು ಮನೇಗ್ ಬಂದು ಊಟ ಮಾಡಿರ್ಲಿಲ್ಲ ಅವ್ರು." ಮುಚ್ಚಳ ತಿರುಗಿಸಿ ತೆರೆದರು. ಒಳಗೆ ಲಿಂಗಕ್ಕೆ ಸುತ್ತುವ ಬಿಳಿ ಬಟ್ಟೆ, ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅದನ್ನು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತರು.

ಆಮೇಲೆ ಕ್ಯಾಷಿಯರ್ ಹುಡುಗಿಯನ್ನು ನೋಡಿ, "ಕುಂಕುಮ ಬಳಿದಿದ್ದು ನೀನೇನಮ್ಮ? ಇದಕ್ಕೆ ವಿಭೂತಿ ಕಣೇ" ಎಂದರು.

"ಗೊತ್ತಿರ್ಲಿಲ್ಲ ಅಜ್ಜಿ. ಸಾರಿ."

"ಒಂದು ಶುಕ್ರವಾರನೂ ತಪ್ಪಿಸಿಲ್ವಾ?"

"ಇಲ್ಲ ಅಜ್ಜಿ. ನಾನು ರಜಾ ಇದ್ರೆ ಸಾರ್ ಮಾಡ್ತಿದ್ರು."

ಸರ್ವಮಂಗಳಮ್ಮ ಮ್ಯಾನೇಜರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪೂಜೆ ಮಾಡ್ಕೊಂಡೇ ಇಲ್ಲ ಅಂತ ಬರ್ದ್ರಲ್ಲಪ್ಪ! ಹೋಗ್ಲಿ ಬಿಡಿ, ನಮ್ಮನೇಲೂ ಇಷ್ಟು ನೇಮ ಇರ್ಲಿಲ್ಲ." ಮೊದಲು ನಕ್ಕದ್ದು ಅವರೇ. ಆಮೇಲೆ ನಾವೆಲ್ಲ.

"ಇಲ್ಲಿ ದೊರೆತಿಲ್ಲ" ಎಂಬ ಉತ್ತರವನ್ನು ಟೈಪು ಮಾಡಿದ ಮೇಜು ಆ ಹಲಗೆಯ ನೇರ ಕೆಳಗೇ ಇತ್ತು.

ಕರಡಿಗೆ ಅಲ್ಲಿಗೆ ಹೇಗೆ ಹೋಯಿತು ಎಂಬುದು ಅವತ್ತೇ ಮಧ್ಯಾಹ್ನ ತಿಳಿಯಿತು. ಲಾಕರ್ ಒಡೆದಾಗ ಜಯನಗರದಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದ ಶೈಲಜಾ ಆಗಲೇ ಹಾಸನಕ್ಕೆ ವರ್ಗವಾಗಿದ್ದಳು. ಫೋನು ಮಾಡಿದೆ.

"ಅಯ್ಯೋ ಮೇಡಂ, ಅದು ಶಿವಪೂಜೆದು. ಲಕೋಟೇಲಿ ಹಿಡಿಸ್ಲಿಲ್ಲ. ಸ್ಟ್ರಾಂಗ್ ರೂಮಲ್ಲಿ ಎಲ್ರೂ ಚಪ್ಪಲಿ ಹಾಕ್ಕೊಂಡು ಓಡಾಡ್ತಾರೆ, ಅಲ್ಲಿ ನೆಲದ ಮೇಲೆ ಇಡೋಕೆ ಮನಸ್ಸು ಬರ್ಲಿಲ್ಲ. ದೇವ್ರ ಹತ್ರ ಇಟ್ಟು ಮ್ಯಾನೇಜರ್‌ಗೆ ಹೇಳಿ ಬಂದಿದ್ದೆ." ಆ ಮ್ಯಾನೇಜರ್ ನಿವೃತ್ತರಾಗಿ ಹೋಗಿದ್ದರು. ಶಾಖೆ ಬನಶಂಕರಿಗೆ ಸೇರಿದಾಗ ದೇವರ ಪಟಗಳ ಜೊತೆ ಕರಡಿಗೆಯೂ ಮರ್ಯಾದೆಯಿಂದ ಬಂದಿತ್ತು. ಬಂದ ಮೇಲೆ ಪೂಜೆ ಮುಂದುವರಿಯಿತು. ಯಾರೂ ಕದ್ದಿರಲಿಲ್ಲ, ಯಾರೂ ಅಸಡ್ಡೆ ಮಾಡಿರಲಿಲ್ಲ. ಎಲ್ಲರೂ ಅತ್ಯಂತ ಭಕ್ತಿಯಿಂದ ಅದನ್ನು ಕಳೆದುಹಾಕಿದ್ದರು.

"ನಿಮಗೆ ಯಾರೂ ಫೋನ್ ಮಾಡಿ ಕೇಳ್ಲಿಲ್ವಾ ಶೈಲಜಾ?"

"ಇಲ್ಲ ಮೇಡಂ. ನೀವೇ ಮೊದ್ಲು."

ಪತ್ರಗಳೆಲ್ಲ ಶಾಖೆಯ ವಿಳಾಸಕ್ಕೆ ಹೋಗುತ್ತಿದ್ದವು, ಮನುಷ್ಯರಿಗೆ ಹೋಗುತ್ತಿರಲಿಲ್ಲ.

ವಸ್ತುವನ್ನು ಹಿಂದಿರುಗಿಸಲು ಮಂಜೂರಾತಿ, ಇನ್ನೊಂದು ಸಲ ಸಾಕ್ಷಿಗಳು, ಗುರುತಿನ ಪರಿಶೀಲನೆ, ಎಲ್ಲ ಬೇಕಿತ್ತು. ದೀಕ್ಷೆ ಅಷ್ಟು ದಿನ ಕಾಯುವಂತಿರಲಿಲ್ಲ. ನರಹರಿ ಸಾರ್‌ಗೆ ಫೋನಿನಲ್ಲಿ ವಿಷಯ ಹೇಳಿದೆ. "ಕೊಟ್ಟು ಬನ್ನಿ. ಕಾಗದ ಆಮೇಲೆ ಮಾಡೋಣ, ಸಹಿ ನಂದೇ ಇರ್ಲಿ" ಎಂದರು. ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿದ್ದೆ. ಮೇಲಧಿಕಾರಿಯೊಬ್ಬರ ಬಾಯಲ್ಲಿ ನಾನು ಕೇಳಿದ ಅತ್ಯುತ್ತಮ ವಾಕ್ಯ ಅದು. ಇದರಲ್ಲಿ ನೆನಪಿನ ದೋಷವಿಲ್ಲ, ಮೂರು ಜನ ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದಾರೆ.

ಸಮಿತಿ ಬಂತು. ಒಳಗೆ ಸದಸ್ಯರು ಆಡಿದ್ದನ್ನೆಲ್ಲ ಬರೆಯುವುದು ಸರಿಯಲ್ಲ. ಸಾರವನ್ನಷ್ಟೇ ಹೇಳುತ್ತೇನೆ. ಸಭಾಂಗಣದಲ್ಲಿ ಸಂಸದರು, ಎದುರಿಗೆ ನಮ್ಮ ಬ್ಯಾಂಕಿನವರು. ಮುಖ್ಯ ಕಚೇರಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ನರಹರಿ ಸಾರ್ ಪಕ್ಕದಲ್ಲಿ ಕೂತಿದ್ದರು. ಹಿಂದಿನ ಸಾಲಿನಲ್ಲಿ ಕಡತಗಳನ್ನು ತೊಡೆಯ ಮೇಲೆ ಹೊತ್ತು ನಾನು, ವಸುಧಾ. ನಮ್ಮ ಅಂಕಿಗಳನ್ನು ಓದಿದರು. ಕರಡಿಗೆಯ ಬಗ್ಗೆ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲಿಲ್ಲ. ಅಣಕು ಸಭೆಯಲ್ಲಿ ನಾನು ಕೇಳಿದ ಯಾವ ಪ್ರಶ್ನೆಯೂ ಮೊದಮೊದಲು ಅಲ್ಲಿ ಬರಲಿಲ್ಲ. ಹಿರಿಯ ಸದಸ್ಯೆಯೊಬ್ಬರು ಮಾತ್ರ, ನಿಮ್ಮ ಕೆಲಸ ಇಷ್ಟು ಚೆನ್ನಾಗಿದ್ದರೆ ಜನ ದೂರು ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಯಾಕೆ ಬರುತ್ತಾರೆ ಎಂಬರ್ಥದ ಮಾತನ್ನು ಹಿಂದಿಯಲ್ಲಿ ಕೇಳಿದರು.

ಇದಕ್ಕೆ ನಮ್ಮ ಕಡತದಲ್ಲಿ ಸಿದ್ಧ ಉತ್ತರವಿತ್ತು: ಗ್ರಾಹಕರಲ್ಲಿ ಅರಿವಿನ ಕೊರತೆ. ಮುಖ್ಯ ಕಚೇರಿಯವರು ಆ ಪುಟ ತೆಗೆದು ನರಹರಿ ಸಾರ್ ಮುಂದೆ ಸರಿಸಿದರು. ಸಾರ್ ಅದನ್ನು ನೋಡಿದರು. ಮುಚ್ಚಿಟ್ಟರು. ಆಮೇಲೆ ತಮ್ಮ ಮುರುಕು ಹಿಂದಿಯಲ್ಲಿ ಸರ್ವಮಂಗಳಮ್ಮನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಮುಖ್ಯ ಕಚೇರಿಯವರ ಬೂಟು ಮೇಜಿನ ಕೆಳಗೆ ಸಾರ್ ಬೂಟನ್ನು ಹುಡುಕುತ್ತಿದ್ದದ್ದು ಹಿಂದೆ ಕೂತ ನಮಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸಾರ್ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು, ಮಾತು ನಿಲ್ಲಿಸಲಿಲ್ಲ.

ಪೂಜೆಯ ಭಾಗಕ್ಕೆ ಬಂದಾಗ ಸದಸ್ಯರು ನಕ್ಕರು. ಆ ಹಿರಿಯ ಸದಸ್ಯೆ ನಗಲಿಲ್ಲ. ಆ ದೂರು ನಿಮ್ಮ ಅಂಕಿಗಳಲ್ಲಿ ಎಲ್ಲಿದೆ ಎಂದು ಕೇಳಿದರು.

"ಇತ್ಯರ್ಥವಾದ ದೂರುಗಳಲ್ಲಿ" ಎಂದರು ಸಾರ್. "ಮೂರು ಸಲ."

ಒಂದೇ ದೂರು, ಮೂರು ಸಲ ಕೊಟ್ಟದ್ದು, ಮೂರು ಸಲ ಮುಚ್ಚಿದ್ದು. ನಮ್ಮ ಯಶಸ್ಸಿನ ಪಟ್ಟಿಯಲ್ಲಿ ಅದು ಮೂರು ಯಶಸ್ಸು. ಎಲ್ಲಕ್ಕಿಂತ ಕೆಟ್ಟದಾಗಿ ನೋಡಿಕೊಂಡ ದೂರೇ ನಮ್ಮ ಅಂಕಿಯನ್ನು ಎಲ್ಲಕ್ಕಿಂತ ಹೆಚ್ಚು ಮೇಲಕ್ಕೆತ್ತಿತ್ತು.

ಹೋಗಿ ನೋಡಿದವರು ಯಾರು ಎಂದು ಸದಸ್ಯೆ ಕೇಳಿದರು. ಇದನ್ನು ಅವರೇ ಕೇಳಿದರು, ವಸುಧಾಳೂ ಒಪ್ಪುತ್ತಾಳೆ. ಸಾರ್ ಹಿಂದಕ್ಕೆ ತಿರುಗಿ ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತೆ. ತೊಡೆಯ ಮೇಲಿದ್ದ ಕಡತಗಳೆಲ್ಲ ನೆಲದ ಮೇಲೆ ಬಿದ್ದವು. ನಾನು ಏನೂ ಮಾತಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೆ ಆ ಹೊತ್ತಿನಲ್ಲಿ ನಿಂತಿದ್ದೆ ಎಂಬುದೇ ಈಗಲೂ ನನ್ನನ್ನು ನೆಟ್ಟಗೆ ನಿಲ್ಲಿಸುತ್ತದೆ.

ಸಮಿತಿಯ ವರದಿಯಲ್ಲಿ ನಮ್ಮ ಕರಡಿಗೆಯ ಪ್ರಸ್ತಾಪ ನನ್ನ ಕಣ್ಣಿಗೆ ಬೀಳಲಿಲ್ಲ. ಬರಬೇಕೆಂದೂ ಇರಲಿಲ್ಲ. ಸಾರ್‌ಗೆ ಮುಖ್ಯ ಕಚೇರಿಯಿಂದ ಒಂದು ಖಾರವಾದ ಫೋನು ಬಂತಂತೆ. ಅವರು ನಮಗೆ ಹೇಳಲಿಲ್ಲ. ಹೇಳಿದ್ದು ಒಂದೇ: ಇನ್ನು ಮೇಲೆ ನಮ್ಮ ವಲಯದಲ್ಲಿ ದೂರು ಕೊಟ್ಟವರಿಗೆ ಫೋನು ಮಾಡಿ, ಮುಚ್ಚಲೇ ಎಂದು ಕೇಳದೆ ಯಾವ ದೂರನ್ನೂ ಮುಚ್ಚುವಂತಿಲ್ಲ. ವಸ್ತು ಕಳೆದ ದೂರಾದರೆ ಯಾರಾದರೊಬ್ಬರು ದೂರುದಾರರ ಜೊತೆ ಸ್ಥಳಕ್ಕೆ ಹೋಗಲೇಬೇಕು. ಆ ವರ್ಷ ನಮ್ಮ ಹಸಿರು ಕಡಿಮೆಯಾಯಿತು, ಬೇರೆ ವಲಯದವರು ನಮ್ಮನ್ನು ನೋಡಿ ಕನಿಕರಪಟ್ಟರು. ಬೈಗುಳ ಕಡಿಮೆಯಾದದ್ದು ಅವರಿಗೆ ಕಾಣಲಿಲ್ಲ, ಅದಕ್ಕೆ ಪರದೆಯ ಮೇಲೆ ಬಣ್ಣವಿರಲಿಲ್ಲ.

ದೀಕ್ಷೆಗೆ ಸರ್ವಮಂಗಳಮ್ಮ ನನ್ನನ್ನು ಕರೆದಿದ್ದರು. ಗುರುಗಳು ಮಗುವಿನ ಅಂಗೈಯಲ್ಲಿ ಲಿಂಗವಿಟ್ಟು, ಕಿವಿಯಲ್ಲಿ ಮಂತ್ರ ಹೇಳಿ, ಆಮೇಲೆ ಅದನ್ನು ಕರಡಿಗೆಯೊಳಗಿಟ್ಟು ಶಿವದಾರ ಕಟ್ಟಿ ಕೊರಳಿಗೆ ಹಾಕಿದರು. ಹುಣಸೆಹಣ್ಣು ಹಾಕಿ ತೊಳೆದಿದ್ದರೂ ತಗ್ಗಿನಲ್ಲಿ ಸ್ವಲ್ಪ ಕುಂಕುಮ ಉಳಿದಿತ್ತು. ಸರ್ವಮಂಗಳಮ್ಮ ಬಂದ ನೆಂಟರಿಗೆಲ್ಲ, "ಇವ್ರೇ ಹುಡುಕಿಕೊಟ್ಟೋರು" ಎಂದು ನನ್ನನ್ನು ಪರಿಚಯಿಸಿದರು. ಹುಡುಕಿದ್ದು ನಾನಲ್ಲ, ಅವರೇ. ನಾನು ಆಟೋ ಹಿಡಿದು ಜೊತೆಗೆ ಹೋದೆ, ಅಷ್ಟೆ. ಆ ಅಷ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಾರೆ.

ಮರುವಾರ ಅವರು ಬನಶಂಕರಿ ಶಾಖೆಗೆ ಹೋಗಿ, ಹಲಗೆಯ ಮೇಲೆ ಖಾಲಿಯಾಗಿದ್ದ ಜಾಗದಲ್ಲಿ ಒಂದು ವಿಭೂತಿ ಗಟ್ಟಿ ಇಟ್ಟು ಬಂದರಂತೆ. "ಅಷ್ಟು ದಿನ ಪೂಜೆ ಮಾಡಿದಾರೆ, ಜಾಗ ಬರಿದು ಬಿಡಬಾರ್ದು" ಎಂದು ಫೋನಿನಲ್ಲಿ ಹೇಳಿದರು.

ಈಗ ನನ್ನ ಪಿಂಚಣಿ ಅದೇ ಶಾಖೆಯಲ್ಲಿದೆ. ಬದುಕಿದ್ದೇನೆ ಎಂದು ತೋರಿಸಿ ಬರಲು ವರ್ಷಕ್ಕೊಮ್ಮೆ ಹೋಗುತ್ತೇನೆ. ಈ ಸಲ ಹೋದಾಗ ಮ್ಯಾನೇಜರ್, ಕ್ಯಾಷಿಯರ್ ಎಲ್ಲ ಹೊಸಬರು. ಹಲಗೆಯ ಮೇಲೆ ಗಣಪತಿಯ ಪಕ್ಕದಲ್ಲಿ ವಿಭೂತಿ ಗಟ್ಟಿ ಇತ್ತು, ಅದಕ್ಕೂ ಹೂ ಮುಡಿಸಿದ್ದರು. ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದೆ.

"ಅದು ಯಾರಿಟ್ಟಿದ್ದಪ್ಪ?"

ಅವನು ತಲೆಯೆತ್ತಿ ಹಲಗೆ ನೋಡಿ, ನನ್ನನ್ನು ನೋಡಿ, ಮತ್ತೆ ಪರದೆಗೆ ತಿರುಗಿದ.

"ಅದಾ ಆಂಟಿ? ಮೊದ್ಲಿಂದ್ಲೂ ಇದೆ."

ಮನೆಗೆ ಬಂದು ಬರೆಯಲು ಕೂತೆ.